ಚೊಕ್ಕ ಪ್ರತಿ

1998ರಲ್ಲಿ ನಾನು ದೇಶದ ದೊಡ್ಡ ಗ್ರಂಥಾಲಯವೊಂದರ ಕನ್ನಡ ವಿಭಾಗದಲ್ಲಿ ಸಂಗ್ರಹ ಸಹಾಯಕನಾಗಿದ್ದೆ. ಊರೂರು ಸುತ್ತಿ ಹಳೆಯ ಕೈಬರಹದ ಪುಸ್ತಕಗಳನ್ನು ತರುವುದು ನನ್ನ ಕೆಲಸ. ಆ ವರ್ಷ ನನ್ನ ಪಾಲಿಗೆ ಬಂದದ್ದು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಸೀಮೆ.

ತಂಬ್ರಹಳ್ಳಿಯಲ್ಲಿ ಅಂಗನವಾಡಿ ಶಿಕ್ಷಕಿ ಹನುಮಕ್ಕ ತಮ್ಮ ತಂದೆಯ ಬಯಲಾಟದ ಪುಸ್ತಕ ತಂದು ಮುಂದಿಟ್ಟರು. ತಂದೆ ಮೂವತ್ತು ವರ್ಷ ಆಟ ಕಲಿಸಿದ ಮಾಸ್ತರು, ತೀರಿಕೊಂಡು ವರ್ಷವಾಗಿತ್ತು. ಹಾಳೆಗಳಿಗೆಲ್ಲ ಎಣ್ಣೆ ಜಿಡ್ಡು, ಮೂಲೆಗಳನ್ನು ಇಲಿ ತಿಂದಿತ್ತು, ಅಂಚಿನ ತುಂಬ ಕೆಂಪು ಪೆನ್ಸಿಲ್ಲಿನ ಗೀಚು.

"ಅಪ್ಪ ಕಲಿಸಿದ್ದೆಲ್ಲಾ ಇದ್ರಾಗ ಐತ್ರಿ. ನೀವು ಒಯ್ದ್ರ ಉಳಿತೈತಿ" ಎಂದರು.

ಹರಿದ ಪುಸ್ತಕವನ್ನೂ ತೆಗೆದುಕೊಳ್ಳಲು ನಿಯಮವಿತ್ತು. ಆದರೆ ಆಗ ಒಂದೊಂದು ಹಾಳೆಗೂ ಎಲ್ಲಿ ಹರಿದಿದೆ, ಎಲ್ಲಿ ಕಲೆಯಿದೆ ಎಂದು ಸ್ಥಿತಿ ವರದಿ ಬರೆಯಬೇಕು. ನನಗೋ ಮೈಗಳ್ಳತನ, ಮೇಲೆ ಕೊಟ್ಟೂರಿನ ಬಸ್ಸಿನ ಚಿಂತೆ. "ಹೊಲಸಾಗಿದೆಯಮ್ಮ, ಚೊಕ್ಕವಾಗಿ ಬರೆದುಕೊಡಿ" ಎಂದು ಸಲೀಸಾಗಿ ಹೇಳಿ ಎದ್ದೆ.

ಎರಡು ತಿಂಗಳ ನಂತರ ಹೋದಾಗ ಉದ್ದ ನೋಟುಬುಕ್ಕಿನಲ್ಲಿ ಮುತ್ತು ಪೋಣಿಸಿದಂತೆ ಬರೆದಿಟ್ಟಿದ್ದರು. ಹಳೆಯದನ್ನು ಏನು ಮಾಡಿದಿರಿ ಎಂದು ಕೂಡ ಕೇಳದೆ, ಖುಷಿಯಿಂದ ತಂದು ಒಪ್ಪಿಸಿದೆ.

ನಮ್ಮ ವಿಭಾಗದ ಮುಖ್ಯಸ್ಥೆ ಪುಟ ತಿರುವಿದರು. "ಈ ಪದ್ಯಗಳು ಬೇರೆ ಪ್ರತಿಗಳಲ್ಲೂ ಇವೆ. ಈ ಮಾಸ್ತರರು ಹೇಗೆ ಆಡಿಸುತ್ತಿದ್ದರು? ಮದ್ದಳೆ ಎಲ್ಲಿ, ಕುಣಿತ ಎಲ್ಲಿ? ಅಂಚಿನಲ್ಲಿ ಗುರುತು ಹಾಕಿರುತ್ತಾರಲ್ಲ?"

ನಾನು ಗೀಚು ಎಂದುಕೊಂಡದ್ದು ಮಾಸ್ತರರ ವಿದ್ಯೆಯಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಆ ವಾರವೇ ತಂಬ್ರಹಳ್ಳಿಗೆ ಓಡಿದೆ.

"ಹಳೇದನ್ನ ಹಿನ್ನೀರಿಗೆ ಬಿಟ್ಟು ಬಂದ್ವಿರಿ" ಎಂದರು ಹನುಮಕ್ಕ. "ಹೊಸಾದು ಬರದಮ್ಯಾಲ ಹಳೇದನ್ನ ಹರಿಬಾರ್ದು, ಸುಡಬಾರ್ದು. ಪೂಜಿ ಮಾಡಿ ನೀರಿಗೆ ಬಿಡೋದು ನಮ್ಮನಿ ಪದ್ಧತಿ."

ಇಂಥ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಹಳೆಯದನ್ನು ಇಟ್ಟುಕೊಂಡಿರಿ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕೆಂಪು ಗುರುತುಗಳನ್ನು ಯಾಕೆ ಬರೆದುಕೊಳ್ಳಲಿಲ್ಲ ಎಂದು ತಡವರಿಸುತ್ತ ಕೇಳಿದೆ.

"ಅವು ನನಗ ತಿಳಿಲಿಲ್ರಿ, ಅಪ್ಪಗಷ್ಟ ತಿಳಿತಿತ್ತು. ದೊಡ್ಡ ಲೈಬ್ರರಿಯವ್ರು ಓದಿ ಹೇಳ್ತಾರ ಅಂತನ ನಿಮಗ ತೋರ್ಸಿದ್ದೆ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಚಹಾ ಮಾಡಿ ಕೊಟ್ಟರು.

ಆಮೇಲೆ ನಿವೃತ್ತನಾಗುವವರೆಗೂ ಎಂಥ ಜಿಡ್ಡು ಹಿಡಿದ ಪುಸ್ತಕವನ್ನೂ ನಾನು ಬಿಟ್ಟು ಬರಲಿಲ್ಲ, ಹಾಳೆ ಹಾಳೆಗೂ ವರದಿ ಬರೆದೆ. ಪುಸ್ತಕದ ಅಕ್ಷರಕ್ಕಿಂತ ಮೊದಲು ಅದನ್ನು ಹಿಡಿದ ಕೈಯ ಗುರುತು ನೋಡಿ ಎಂದು ಕಿರಿಯರಿಗೂ ಹೇಳಿಕೊಟ್ಟೆ. ಪಾಠ ಕಲಿತವನು ನಾನು, ಕಳೆದುಕೊಂಡವರು ಹನುಮಕ್ಕ.