ಎರಡು ಪೆಟ್ಟು ಅಂದರೆ ರೈಟ್

ನನ್ನ ಮೇಲೆ ಒಂದು ಸಿನಿಮಾ ಬಂದಿದೆ ಅಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಶಿರಸಿಯ ಯಾವ ಟಾಕೀಸಿನಲ್ಲೂ ಅದು ಓಡಲಿಲ್ಲ, ಓಡುವಂಥದ್ದೂ ಅಲ್ಲ. ಇಬ್ಬರು ಹುಡುಗರು ಕೈಯಿಂದ ದುಡ್ಡು ಹಾಕಿ, ಸಣ್ಣದೊಂದು ಕ್ಯಾಮೆರಾ ಹಿಡಿದು, ಯಲ್ಲಾಪುರದ ಬಿಸಿಲಿನಲ್ಲಿ ಬೆವರು ಸುರಿಸಿ ಮಾಡಿದ್ದು. ಕತೆ ಇಷ್ಟೇ: ತಲೆ ನರೆತ ಒಬ್ಬ ಗಂಡಸು ಬಸ್ಸಿನಲ್ಲಿ ನಿದ್ದೆ ಹೋಗುತ್ತಾನೆ. ಎಚ್ಚರಾದಾಗ ಬಸ್ಸು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿ ನಿಂತಿರುತ್ತದೆ. ತಾನು ಪ್ರೀತಿಸಿದ ಇನ್ನೊಬ್ಬ ಗಂಡಸು ಊರು ಬಿಟ್ಟು ಹೋದ ಆ ಮಧ್ಯಾಹ್ನಕ್ಕೇ ಇಳಿದು, ಅಂದು ಹೇಳದೇ ಉಳಿದ ಮಾತನ್ನು ಅವನಿಗೆ ಹೇಳುತ್ತಾನೆ. ಆ ತಲೆ ನರೆತವನು ನಾನು. ಆದರೆ ಹೇಳುವುದು ಸಿನಿಮಾದಲ್ಲಿ ಮಾತ್ರ.

ತೊಂಬತ್ತರ ದಶಕದಲ್ಲಿ ನಾನು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ಹುಟ್ಟಿದ್ದು ಬನವಾಸಿಯ ಕಡೆ. ಕಂಟ್ರೋಲರ್ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಒಂದು ಕಿಟಕಿ, ಒಂದು ಕುರ್ಚಿ, ಗರಗರ ಎನ್ನುವ ಒಂದು ಮೈಕು, ಬೆಳಗಿನಿಂದ ಸಂಜೆ ತನಕ ‘ಹುಬ್ಬಳ್ಳಿ ಬಸ್ಸು ಹೋತೇನ್ರಿ’ ಎಂದು ಕೇಳುವ ಜನ. ಆದರೆ ಒಂದು ಅಧಿಕಾರ ಮಾತ್ರ ನನ್ನ ಕೈಯಲ್ಲಿತ್ತು. ಕಂಡಕ್ಟರ್ ತರುವ ಲಾಗ್‌ಶೀಟಿಗೆ ನಾನು ಸಹಿ ಹಾಕುವ ತನಕ ಬಸ್ಸು ಹೊರಡುವ ಹಾಗಿರಲಿಲ್ಲ. ಆಸ್ಪತ್ರೆಯಿಂದ ಬರುವ ಬಾಣಂತಿಗಾಗಿ ಬಸ್ಸು ನಿಲ್ಲಿಸಿದ್ದೇನೆ. ಮದುವೆ ದಿಬ್ಬಣದ ಹಿರಿಯರೊಬ್ಬರು ಇನ್ನೂ ಚಹಾ ಕುಡಿಯುತ್ತಿದ್ದಾರೆ ಎಂದು ನಿಲ್ಲಿಸಿದ್ದೇನೆ. ಸಹಿ ಬಿದ್ದ ಮೇಲೆ ಕಂಡಕ್ಟರ್ ಬಸ್ಸಿನ ತಗಡಿಗೆ ಎರಡು ಪೆಟ್ಟು ಬಡಿದರೆ ರೈಟ್, ಹೊರಡು ಎಂದರ್ಥ. ಒಂದು ಪೆಟ್ಟು ಅಂದರೆ ನಿಲ್ಲಿಸು. ಇದು ಬಸ್ಸು ಹತ್ತಿದ ಎಲ್ಲರಿಗೂ ಗೊತ್ತಿದ್ದ ವಿಷಯ.

ಸಿದ್ದಾಪುರದ ಕಡೆಯ ಒಬ್ಬ ಮಾಸ್ತರು ಅಲ್ಲಿನ ಕನ್ನಡ ಶಾಲೆಗೆ ಬಂದರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಊರಿಗೆ ಹೋಗುವ ಬಸ್ಸಿಗಾಗಿ ನನ್ನ ಕಿಟಕಿಯ ಪಕ್ಕ ಬಂದು ನಿಲ್ಲುತ್ತಿದ್ದರು. ಬಿಸಿಲಲ್ಲಿ ಯಾಕೆ ನಿಲ್ಲುತ್ತಾರೆ ಎಂದು ಒಳಗೆ ಕರೆದು ಸ್ಟೂಲು ಕೊಟ್ಟೆ. ಆಮೇಲೆ ಆ ಸ್ಟೂಲು ಅವರದೇ ಆಯಿತು. ಊರಿಗೆ ಹೋಗುವುದೂ ಕಡಿಮೆಯಾಯಿತು. ನನ್ನ ‘ಬರ್ರಿ, ಕುಂದರ್ರಿ’ಯನ್ನು ಅವರು ಅಣಕಿಸುತ್ತಿದ್ದರು, ಅವರ ‘ಇಲ್ಲೆ, ಎಂತದೂ ಇಲ್ಲೆ’ಯನ್ನು ನಾನು ಅಣಕಿಸುತ್ತಿದ್ದೆ. ಒಮ್ಮೆ ನಾನು ಹೊರಗೆ ಹೋದಾಗ ಮೈಕಿಗೆ ಬಾಯಿ ಕೊಟ್ಟು, ನನ್ನದೇ ದನಿಯಲ್ಲಿ, ‘ಚಹಾ ಕುಡಿಯಲು ಹೋದ ಕಂಟ್ರೋಲರು ಕೂಡಲೇ ಕಚೇರಿಗೆ ಬರತಕ್ಕದ್ದು’ ಎಂದು ಕೂಗಿಬಿಟ್ಟರು. ಬಸ್‌ಸ್ಟ್ಯಾಂಡೇ ನಕ್ಕಿತು.

ಭಾನುವಾರ ನನ್ನ ಸ್ಕೂಟರಿನಲ್ಲಿ ಚಂದಗುಳಿಯ ಗಂಟೆ ಗಣಪನಿಗೆ ಹೋಗುತ್ತಿದ್ದೆವು. ಹರಕೆ ತೀರಿದವರು ಅಲ್ಲಿ ಗಂಟೆ ಕಟ್ಟುತ್ತಾರೆ. ಮಾಸ್ತರು ಏನೋ ಹರಕೆ ಹೊತ್ತಿದ್ದರು. ಏನೆಂದು ಕೇಳಿದರೆ ‘ತೀರಿದ ದಿವಸ ಹೇಳ್ತೆ’ ಅನ್ನುತ್ತಿದ್ದರು. ಬರುವಾಗ ಕಾಡಿನ ದಾರಿಯಲ್ಲಿ ನನ್ನ ಹೆಗಲ ಮೇಲೆ ಗಲ್ಲವಿಟ್ಟು ಕೂರುತ್ತಿದ್ದರು, ಊರು ಹತ್ತಿರವಾದಂತೆ ಸರಿದು ನೆಟ್ಟಗೆ ಕೂರುತ್ತಿದ್ದರು. ನಾನು ಅವರನ್ನು ಪ್ರೀತಿಸಿದೆ. ಅವರೂ ನನ್ನನ್ನು. ಇದನ್ನು ಬರೆಯಲು ನನಗೆ ಅರವತ್ತು ದಾಟಬೇಕಾಯಿತು ಎನ್ನುವುದಕ್ಕೆ ನನಗೇ ಸಿಟ್ಟು ಬರುತ್ತದೆ.

ಮನೆಯವರ ಕಾಟ ತಾಳಲಾರದೆ ಅವರು ಸಿದ್ದಾಪುರಕ್ಕೆ ವರ್ಗ ಕೇಳಿದ್ದರು, ಆರ್ಡರ್ ಬಂದೇಬಿಟ್ಟಿತು. ಹೊರಡುವ ಹಿಂದಿನ ದಿನ ಕಚೇರಿಯಲ್ಲಿ ಯಾರೂ ಇಲ್ಲದಾಗ ಹೇಳಿದರು. ಜನರೆದುರು ಬಹುವಚನ, ಇಬ್ಬರೇ ಇದ್ದಾಗ ಅವರ ಮನೆಮಾತು.

‘ನೀ ಒಂದು ಮಾತು ಹೋಗಡ ಹೇಳಿದ್ರೆ ಆನು ಹೋಗ್ತ್ನಿಲ್ಲೆ. ಆರ್ಡರ್ ರದ್ದು ಮಾಡಿಸ್ತೆ. ಇಲ್ಲೇ ಮನೆ ಮಾಡ್ಕಂಡು ಇಪ್ಪನ, ಜನ ಎಂತ ಬೇಕಾದ್ರೂ ಹೇಳ್ಕಳ್ಳಲಿ. ಆದ್ರೆ ನೀ ಹೇಳವು.’

ಹೋಗಬೇಡ ಎಂದು ನಾನು ಒಂದು ಮಾತು ಹೇಳಿದರೆ ಸಾಕಿತ್ತು, ಅವರು ಇಲ್ಲೇ ಉಳಿಯುತ್ತಿದ್ದರು. ನಾನು ಏನು ಹೇಳಿದೆ? ‘ನೋಡೋಣಂತ, ಚಾ ತರಸ್ಲೇನು?’ ಎಂದೆ. ಅಯ್ಯೋ ಮೂರ್ಖ!

ಮರುದಿನ ಮಧ್ಯಾಹ್ನ ಸಿದ್ದಾಪುರದ ಬಸ್ಸು ಬಂದು ನಿಂತಿತು. ಮಾಸ್ತರು ಟ್ರಂಕು ಮೇಲೆ ಹಾಕಿಸಿ, ನನ್ನ ಬಾಗಿಲಿಗೆ ಎದುರಾಗಿದ್ದ ಕಿಟಕಿಯ ಹತ್ತಿರ ಕೂತರು. ಕಂಡಕ್ಟರ್ ಟಿಕೆಟ್ ಮುಗಿಸಿ ಲಾಗ್‌ಶೀಟು ತಂದಿಟ್ಟ. ನಾನು ಅದರ ಮೇಲೆ ಅಂಗೈ ಇಟ್ಟು ಕೂತೆ.

‘ಟೈಮ್ ಆತಲ್ರಿ ಸಾಹೇಬ್ರ.’

‘ತಡಿಯಪ್ಪಾ, ಶಿರಸಿ ಡಿಪೋದಿಂದ ಫೋನ್ ಬರೋದೈತಿ’ ಎಂದು ಸುಳ್ಳು ಹೇಳಿದೆ.

ಎದ್ದು ಹೋಗಿ ಆ ಕಿಟಕಿಯ ಕೆಳಗೆ ನಿಂತು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಎದ್ದೆ. ಬಾಗಿಲ ತನಕ ಹೋದೆ. ಅಷ್ಟರಲ್ಲಿ ಒಬ್ಬ ಮುದುಕ ಬಂದು ಮುಂಡಗೋಡ ಬಸ್ಸು ಕೇಳಿದ, ಅವನಿಗೆ ವಿವರವಾಗಿ ಹೇಳಿ ವಾಪಸ್ ಬಂದು ಕೂತೆ. ಮತ್ತೆ ಎದ್ದೆ. ಬಸ್ಸಿನೊಳಗಿಂದ ಜನ ಬೈಯತೊಡಗಿದ್ದರು. ಒಂದು ಕೂಸು ಅಳುತ್ತಿತ್ತು. ಅಷ್ಟೂ ಕಣ್ಣುಗಳ ಎದುರು ನಡೆದು ಹೋಗಿ ಒಬ್ಬ ಗಂಡಸಿಗೆ ‘ಹೋಗಬ್ಯಾಡ’ ಎಂದು ಹೇಳುವುದು ಹೇಗೆ? ಹಾಗಂತ ಬಸ್ಸು ಬಿಡಲೂ ಕೈ ಬರಲಿಲ್ಲ. ಮಾಸ್ತರು ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ತೊಡೆಯ ಮೇಲಿನ ಚೀಲವನ್ನೇ ನೋಡುತ್ತ ಕೂತರು.

ಕೊನೆಗೆ ಅವರ ಕೈ ಕಿಟಕಿಯಿಂದ ಹೊರಗೆ ಬಂತು. ಬಸ್ಸಿನ ತಗಡಿಗೆ ಎರಡು ಪೆಟ್ಟು ಬಡಿಯಿತು.

ಡ್ರೈವರ್, ಕಂಡಕ್ಟರನೇ ಬಡಿದ ಎಂದುಕೊಂಡು ಗಾಡಿ ಬಿಟ್ಟೇಬಿಟ್ಟ. ‘ಮಾಸ್ತರು ರೈಟ್ ಕೊಟ್ರಲೇ!’ ಎಂದು ಎಲ್ಲರೂ ಹೋ ಎಂದು ನಕ್ಕರು. ‘ಸಹಿ ಹಾಕ್ರಿ, ಸಹಿ ಹಾಕ್ರಿ’ ಎಂದು ಕಂಡಕ್ಟರ್ ಕುಣಿದಾಡಿದ. ನಾನು ಹಾಕಿದೆ. ಅವನು ಲಾಗ್‌ಶೀಟು ಕಸಿದುಕೊಂಡು ಬಸ್ಸಿನ ಹಿಂದೆ ಓಡಿದ.

ಆಮೇಲೆ ನನ್ನ ಮದುವೆಯಾಯಿತು. ಹೆಂಡತಿ ಒಳ್ಳೆಯವಳು, ಅವಳ ಮೇಲೆ ನನ್ನ ದೂರೇನೂ ಇಲ್ಲ. ಮಗಳಾದಳು, ಬೆಳೆದಳು. ಇಸಳೂರಿನಲ್ಲಿ ಸಣ್ಣ ಮನೆ ಕಟ್ಟಿದೆ. ಯಲ್ಲಾಪುರದಲ್ಲಿ ಇದ್ದಷ್ಟು ವರ್ಷವೂ ದಿನಾ ಸಿದ್ದಾಪುರದ ಬಸ್ಸಿಗೆ ಸಹಿ ಹಾಕಿ ಕಳಿಸಿದೆ. ಒಂದು ದಿನ ಹತ್ತಿ ಕೂತವನಲ್ಲ. ಅರ್ಧ ದಿನದ ದಾರಿಯೂ ಅಲ್ಲ ಅದು.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಆ ಇಬ್ಬರು ಹುಡುಗರು ಇಸಳೂರಿನ ಮನೆಗೆ ಬಂದರು. ಒಬ್ಬ ಡೈರೆಕ್ಟರು, ಸಿದ್ದಾಪುರದಲ್ಲಿ ನಮ್ಮ ಮಾಸ್ತರ ವಿದ್ಯಾರ್ಥಿ. ಇನ್ನೊಬ್ಬ ಕ್ಯಾಮೆರಾದವನು. ‘ನಾವಿಬ್ಬರೂ ಒಟ್ಟಿಗೆ ಇದ್ದೇವೆ ಸರ್, ಸಂಸಾರದ ಹಾಗೆ’ ಎಂದು ಡೈರೆಕ್ಟರು ನನ್ನ ಜಗುಲಿಯಲ್ಲಿ ಕೂತು, ದನಿಯನ್ನೂ ತಗ್ಗಿಸದೆ ಹೇಳಿದ. ನಾನು ಒಳಗೆ ಹೆಂಡತಿ ಎಲ್ಲಿದ್ದಾಳೆ ಎಂದು ತಿರುಗಿ ನೋಡಿದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ತಮ್ಮಂಥವರ ಕತೆಯನ್ನೇ ಸಿನಿಮಾ ಮಾಡಬೇಕು ಎಂದು ಅವನು ಮಾಸ್ತರ ಹತ್ತಿರ ಹೇಳಿಕೊಂಡಿದ್ದನಂತೆ. ಆಗ ಅವರು ಆ ಬಸ್ಸಿನ ಕತೆ ಹೇಳಿದರಂತೆ. ಅದಾಗಿ ಕೆಲವು ತಿಂಗಳಿಗೇ ಅವರಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಎಲ್ಲ ಹೋಗಿ, ತಮ್ಮನ ಮನೆಯಲ್ಲಿ ಮಲಗಿದಲ್ಲೇ ಇದ್ದರು. ಮದುವೆಯಾಗಿರಲಿಲ್ಲ.

‘ಮಾಸ್ತರು ಅವತ್ತು ಟಿಕೆಟ್ ಎಲ್ಲಿಗೆ ತೆಗೆಸಿದ್ದರು ಗೊತ್ತಾ ನಿಮಗೆ?’ ಎಂದು ಡೈರೆಕ್ಟರು ಕೇಳಿದ.

‘ಸಿದ್ದಾಪುರಕ್ಕೆ. ಮತ್ತೆಲ್ಲಿಗೆ?’

‘ಮಂಚಿಕೇರಿಗೆ. ನೀವು ಹಿಂದಿನಿಂದ ಸ್ಕೂಟರಿನಲ್ಲಿ ಬಂದೇ ಬರ್ತೀರಿ ಅಂತ. ಅಲ್ಲಿ ಟ್ರಂಕು ಇಳಿಸಿಕೊಂಡು ಕತ್ತಲಾಗುವ ತನಕ ಕಾದರಂತೆ.’

ಯಲ್ಲಾಪುರದಿಂದ ಶಿರಸಿಗೆ ಹೋಗುವ ದಾರಿಯಲ್ಲಿ ಮಂಚಿಕೇರಿ ಸಿಗುತ್ತದೆ. ನನ್ನ ಸ್ಕೂಟರು ಅವತ್ತು ಕಚೇರಿಯ ಹಿಂದೆ ನೆರಳಲ್ಲೇ ನಿಂತಿತ್ತು. ಹುಡುಗ ಚಹಾ ಲೋಟ ಕೆಳಗಿಟ್ಟು ಇನ್ನೊಂದು ಮಾತು ಹೇಳಿದ. ಸಿನಿಮಾದಲ್ಲಿ ಆ ಗಂಡಸು ಹಿಂದಿನ ಕಾಲಕ್ಕೆ ಹೋಗಿ, ಕಿಟಕಿಯ ಕೆಳಗೆ ನಿಂತು ಏನು ಹೇಳುತ್ತಾನೆ ಎನ್ನುವುದನ್ನು ಅವನು ಇನ್ನೂ ಬರೆದಿರಲಿಲ್ಲ. ಮಾಸ್ತರನ್ನೇ ಕೇಳಿದ್ದನಂತೆ. ಅವರು, ‘ಅದು ಎಂಗೆಂತ ಗೊತ್ತಿದ್ದು? ಅವನ್ನೇ ಕೇಳು’ ಎಂದು ನನ್ನ ಹತ್ತಿರ ಕಳಿಸಿದ್ದರಂತೆ.

ಮಾರ್ಚ್ ತಿಂಗಳಲ್ಲಿ ಚಿತ್ರೀಕರಣ. ಒಂದು ಹಳೇ ಖಾಸಗಿ ಬಸ್ಸಿಗೆ ಕೆಂಪು ಬಣ್ಣ ಬಳಿದು ನಮ್ಮ ಕಾಲದ ಬಸ್ಸು ಮಾಡಿದ್ದರು. ಮೊಬೈಲ್ ಅಂಗಡಿಯ ಬೋರ್ಡಿಗೆ ಗೋಣಿತಾಟು ಹೊದಿಸಿ, ಅಡ್ಡ ಒಂದು ಚಹಾದ ಗಾಡಿ ನಿಲ್ಲಿಸಿದರು. ಅಷ್ಟಕ್ಕೇ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಯಿತು! ನನ್ನ ಪಾತ್ರಕ್ಕೆ ಬೆಂಗಳೂರಿನ ನಟ, ನನಗಿಂತ ಚೆಲುವ. ಅವನು ಬಾಗಿಲಿನಿಂದ ಹೊರಟು ನೇರವಾಗಿ ಕಿಟಕಿಯ ಕೆಳಗೆ ಹೋಗಿ ನಿಂತ. ಕ್ಯಾಮೆರಾದವನಿಗೆ ಬೆಳಕು ಸರಿಹೋಗಲಿಲ್ಲ, ಮತ್ತೆ ಮಾಡಿಸಿದ. ಮತ್ತೆ ಹೋದ. ಎಷ್ಟು ಸಲ ಹೇಳಿದರೂ ಹೋದ. ಇಷ್ಟೇನಾ ದೂರ, ಇಷ್ಟೇನಾ ನಡೆಯಬೇಕಾಗಿದ್ದದ್ದು ಎಂದು ನಾನು ಚಹಾದ ಗಾಡಿಯ ಹಿಂದೆ ನಿಂತು ನೋಡಿದೆ.

ನಟನ ನಾಲಿಗೆಗೆ ನಮ್ಮ ಕಡೆಯ ಮಾತು ಬರಲಿಲ್ಲ. ‘ನಿಮ್ಮ ದನಿಯನ್ನೇ ಹಾಕ್ತೇವೆ’ ಎಂದು ಹುಡುಗರು ನನ್ನನ್ನು ಶಿರಸಿಯ ಒಂದು ಲಾಡ್ಜಿಗೆ ಕರೆದುಕೊಂಡು ಹೋದರು. ರಸ್ತೆಯ ಗದ್ದಲ ಬರಬಾರದೆಂದು ಕಿಟಕಿಗೆ ಹಾಸಿಗೆ ಒರಗಿಸಿ, ನನ್ನ ತಲೆಯ ಮೇಲೆ ಕಂಬಳಿ ಹೊದಿಸಿ, ಮುಂದೆ ಮೈಕು ಇಟ್ಟರು. ‘ಹೋಗಬ್ಯಾಡ. ಇಳಿ’ ಎಂದೆ.

‘ಸರ್, ಅನೌನ್ಸ್‌ಮೆಂಟ್ ಥರ ಬರ್ತಾ ಇದೆ’ ಎಂದ ಡೈರೆಕ್ಟರು.

ಬಾರದೇ ಮತ್ತೇನು? ಜನ್ಮವಿಡೀ ಮೈಕಿಗೆ ನಾನು ಮಾತಾಡಿದ್ದು ಅದೊಂದೇ ರೀತಿ. ಮತ್ತೆ ಹೇಳಿದೆ, ಮತ್ತೆ ಹೇಳಿದೆ. ಕಂಬಳಿಯೊಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಕಣ್ಣು ಮುಚ್ಚಿ, ಮೈಕು ಮರೆತು, ಮಂಚಿಕೇರಿಯಲ್ಲಿ ಟ್ರಂಕಿನ ಮೇಲೆ ಕೂತ ಮಾಸ್ತರನ್ನು ನೆನೆದುಕೊಂಡೆ. ‘ಹೋಗಬ್ಯಾಡೋ ಮಾರಾಯಾ, ನಾ ಹೇಳಾಕತ್ತೀನಲ್ಲ, ಇಳಿ’ ಎಂದು ಬಾಯಿಗೆ ಬಂತು. ಆಮೇಲೆ ಅಳು ಬಂತು. ಸಿನಿಮಾದಲ್ಲಿ ಇರುವುದು ಆ ದನಿಯೇ.

ಸಿನಿಮಾ ಮುಗಿದ ಮೇಲೆ ಡೈರೆಕ್ಟರು ಅದನ್ನು ಮೊದಲು ಮಾಸ್ತರಿಗೇ ತೋರಿಸಿದ. ಸಂಜೆ ನನಗೆ ಫೋನ್ ಮಾಡಿದ.

‘ಪೂರ್ತಿ ನೋಡಲಿಕ್ಕಾಗಲಿಲ್ಲ ಸರ್. ನಿಮ್ಮ ದನಿ ಬಂತು ನೋಡಿ, ಎಡಗೈಯಲ್ಲಿ ಮಂಚದ ಕಬ್ಬಿಣಕ್ಕೆ ಜೋರಾಗಿ ಒಂದು ಪೆಟ್ಟು ಹೊಡೆದರು. ಸುಸ್ತಾಯಿತೇನೋ ಅಂತ ನಿಲ್ಲಿಸಿಬಿಟ್ಟೆ.’

‘ಒಂದೇ ಪೆಟ್ಟೇನು?’

‘ಒಂದೇ. ಯಾಕೆ ಸರ್?’

ಏನಿಲ್ಲ ಎಂದು ಫೋನ್ ಇಟ್ಟೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ, ನಾಳೆ ಸಿದ್ದಾಪುರಕ್ಕೆ ಹೋಗಿಬರುತ್ತೇನೆ, ಹಳೇ ಸ್ನೇಹಿತರಿಗೆ ಹುಷಾರಿಲ್ಲ ಎಂದೆ. ‘ಬರಿಗೈಲಿ ಹೋಗಬ್ಯಾಡ್ರಿ’ ಎಂದು ಅವಳು ಒಂದು ಚಿಪ್ಪು ಬಾಳೆಹಣ್ಣು ಚೀಲಕ್ಕೆ ಹಾಕಿದಳು. ಹೋಗಬ್ಯಾಡ್ರಿ ಎನ್ನುವುದು ಅವಳ ಬಾಯಲ್ಲಿ ಎಷ್ಟು ಸಲೀಸು!

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮಾಸ್ತರ ತಮ್ಮನ ಮನೆ ಪೇಟೆಯಲ್ಲೇ ಇತ್ತು. ತಮ್ಮನ ಸೊಸೆ ಬಾಗಿಲು ತೆಗೆದು, ‘ಬನ್ನಿ, ಕೂತ್ಕಳಿ. ಆಸರಿಗೆ ಎಂತ ಮಾಡ್ಲಿ?’ ಎಂದು ಉಪಚರಿಸಿದರು. ಕುಡಿಯಲು ಏನೂ ಬೇಡ, ಮಾಸ್ತರನ್ನು ನೋಡಲು ಬಂದೆ ಎಂದೆ. ಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಮಾಸ್ತರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೂದಲೆಲ್ಲ ಹೋಗಿತ್ತು. ಅವರ ತಮ್ಮ ಪೇಪರ್ ಮಡಚಿ ನನ್ನತ್ತ ನೋಡಿದರು, ಶಾಲೆಗೆ ಹೊರಟಿದ್ದ ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಸೊಸೆ ಮಂಚದ ಹತ್ತಿರ ಬಗ್ಗಿ, ನನ್ನ ಕಡೆ ತಿರುಗಿ ಕೇಳಿದರು.

‘ದೊಡ್ಡಪ್ಪಂಗೆ ಕಿವಿ ಚಲೋ ಕೇಳ್ತು. ಯಾರು ಬಂಜ್ರು ಹೇಳಿ ಹೇಳ್ಲಿ?’

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

‘ಯಲ್ಲಾಪುರದ ಕಂಟ್ರೋಲರು ಅಂತ ಹೇಳ್ರಿ’ ಎಂದೆ. ಅಷ್ಟೇ ಹೇಳಿದೆ.

ಮಾಸ್ತರು ಮುಖ ತಿರುಗಿಸಿ ನನ್ನನ್ನು ನೋಡಿದರು. ಗುರುತು ಸಿಕ್ಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಬಹಳ ಹೊತ್ತು ನೋಡಿದರು, ಕಾದರು. ನಾನು ಬಾಳೆಹಣ್ಣಿನ ಚೀಲ ಹಿಡಿದು ನಿಂತೇ ಇದ್ದೆ. ಆಮೇಲೆ ಅವರ ಎಡಗೈ ಮೆಲ್ಲಗೆ ಎದ್ದು ಮಂಚದ ಕಬ್ಬಿಣಕ್ಕೆ ಬಡಿಯಿತು. ಎರಡು ಪೆಟ್ಟು.

‘ನೀರು ಬೇಕನ ದೊಡ್ಡಪ್ಪಾ?’ ಎನ್ನುತ್ತ ಸೊಸೆ ಒಳಗೆ ಹೋದರು. ನಾನು ಹಣ್ಣನ್ನು ಸ್ಟೂಲಿನ ಮೇಲಿಟ್ಟು, ಹೊರಗೆ ಬಂದು ಚಪ್ಪಲಿ ಹಾಕಿಕೊಂಡೆ.