ಮಂಡಿ ಬಾಗಿಸಿ ಬೆಟ್ಟ ಇಳಿಯುವ ಟೊರ್ಗುನ್

ಬೆಳಗಿನ ಏಳು ಗಂಟೆ, ಮೈನಸ್ ಹದಿನಾಲ್ಕು ಡಿಗ್ರಿ ಚಳಿ. ಬೆಟ್ಟದ ಮೇಲೆ ಚಾರಣಿಗರಿಗಿರುವ ಸ್ಕಾರ್ವಬೂ ತಂಗುಮನೆಯ ಹಿಂದೆ ಟೊರ್ಗುನ್ ಲಿವೆರುಡ್ ಕಬ್ಬಿಣದ ಸಲಾಕೆಯಿಂದ ಗಟ್ಟಿ ಹಿಮಕ್ಕೆ ತೂತು ಕೊರೆಯುತ್ತಾರೆ. ಬರ್ಚ್ ಮರದ ಕೋಲೊಂದನ್ನು ನೆಟ್ಟು, ಅಲುಗಿಸಿ ನೋಡಿ, ಹತ್ತು ಮೀಟರ್ ಮುಂದೆ ಸಾಗಿ ಮತ್ತೊಂದನ್ನು ನೆಡುತ್ತಾರೆ. ದಿನಕ್ಕೆ ನಾಲ್ಕು ಕಿಲೋಮೀಟರು, ನಾನೂರು ಕೋಲು. ಮಂಜು ಕವಿದು ನೆಲ ಮುಗಿಲು ಒಂದಾದಾಗ ಈ ಬಯಲಿನಲ್ಲಿ ಸ್ಕೀ ಹಾಕಿ ಹೊರಟವರಿಗೆ ಈ ಕೋಲುಗಳೇ ದಾರಿ.

ಅರವತ್ತೊಂದರ ಟೊರ್ಗುನ್‌ಗೆ ಇದು ಇಪ್ಪತ್ತಾರನೆಯ ಚಳಿಗಾಲ. ಕೋಲು ಹೇರಿದ ಜಾರುಬಂಡಿಯನ್ನು ಎರಡು ದಂಡಗಳಿಂದ ಸೊಂಟಕ್ಕೆ ಬಿಗಿದುಕೊಳ್ಳುತ್ತಾರೆ. ಏರುವಾಗ ಅದು ಹಿಂದಕ್ಕೆ ಜಗ್ಗುತ್ತದೆ, ಇಳಿಯುವಾಗ ಮುಂದಕ್ಕೆ ನೂಕುತ್ತದೆ.

"ಅದಕ್ಕೇ ಹಿಮ್ಮಡಿ ಬಿಡಿಯಾಗಿರ್ಬೇಕು," ಎನ್ನುತ್ತಾರೆ. "ಬೂಟಿನ ಮುಂತುದಿ ಮಾತ್ರ ಸ್ಕೀಗೆ ಕಚ್ಕೊಂಡಿದ್ರೆ ಆರಾಮಾಗಿ ನಡೀಬಹುದು. ಇಳಿಯೋವಾಗ ಒಂದು ಕಾಲು ಮುಂದೆ, ಒಂದು ಹಿಂದೆ. ಬಂಡಿ ಗುದ್ದಿದ್ರೂ ಮುಗ್ಗರಿಸಲ್ಲ."

ಆರು ವರ್ಷದ ಹಿಂದೆ ಚಾರಣ ಸಂಘದವರು ಅಭಿಮಾನದಿಂದ ಹೊಸ ಸಲಕರಣೆ ಕೊಟ್ಟರು: ಅಗಲ ಸ್ಕೀ, ಎತ್ತರದ ಪ್ಲಾಸ್ಟಿಕ್ ಬೂಟು, ಬೂಟನ್ನು ಸ್ಕೀಗೆ ಹಿಡಿದಿಡುವ ಬಿಗಿ ಸ್ಪ್ರಿಂಗು. ಮೊದಲ ದಿನವೇ ಟೊರ್ಗುನ್ ಹನ್ನೊಂದು ಸಲ ಬಿದ್ದರು. ಮೆತ್ತನೆಯ ಚರ್ಮದ ಬೂಟಿನಲ್ಲಿ ಮಂಡಿ ಹಿಮಕ್ಕೆ ತಾಗುವಷ್ಟು ಬಾಗಿ, ನಿಧಾನಕ್ಕೆ ದೊಡ್ಡ ತಿರುವು ಹೊಡೆಯುವುದು ಅವರ ರೂಢಿ. ಪ್ಲಾಸ್ಟಿಕ್ ಬೂಟು ಬಗ್ಗಲೇ ಇಲ್ಲ. ಭಾರವೆಲ್ಲ ಮುಂಗಾಲಿಗೆ ಬಿತ್ತು, ಹಿಂದಿನ ಸ್ಕೀ ದಿಕ್ಕು ತಪ್ಪಿತು.

"ಇಪ್ಪತ್ತು ವರ್ಷ ಕಲಿತಿದ್ದು ಒಂದು ಜೊತೆ ಬೂಟಿಗೆ ಮರೆತೋಯ್ತು. ಅವಮಾನಕ್ಕೆ ಅತ್ತೇಬಿಟ್ಟೆ."

ಮತ್ತೆ ಹಳೆಯ ಬೂಟು ಹಾಕಿದರೆ, ಮಂಜುಗಡ್ಡೆಯ ಮೇಲೆ ಹೊಸ ಅಗಲ ಸ್ಕೀ ಅದರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಊರಿನ ಸ್ಕೀ ಶಿಕ್ಷಕ ಐವಿಂಡ್ ಹೌಕೋಸ್ ಎಲ್ಲರೆದುರೇ ಕಿಚಾಯಿಸಿದ್ದ: "ಟೊರ್ಗುನ್, ಬೂಟು ಮ್ಯೂಸಿಯಮ್ಮಿಗೆ ಕೊಡು. ಜೊತೆಗೆ ನೀನೂ ಹೋಗಿ ನಿಂತ್ಕೋ!"

ಟೊರ್ಗುನ್ ಎರಡು ಚಳಿಗಾಲ ಒಬ್ಬರೇ ಬಿದ್ದು ಎದ್ದರು. ಗಿಡ್ಡ ಕತ್ತಿನ ಬೂಟು ಹುಡುಕಿದರು. ಉಕ್ಕಿನಂಚಿನ ಮಧ್ಯಮ ಅಗಲದ ಸ್ಕೀ ಆರಿಸಿಕೊಂಡರು, ಸ್ಪ್ರಿಂಗು ಸಡಿಲಿಸಿದರು. ದೇಹವನ್ನೂ ಅದಕ್ಕೆ ಪಳಗಿಸಿದರು: ಮಂಡಿ ಅರ್ಧ ಮಾತ್ರ ಬಾಗಬೇಕು, ಹಿಂಗಾಲಿನ ಕಿರುಬೆರಳು ಸ್ಕೀಯನ್ನು ಒತ್ತಿ ಹಿಡಿಯಬೇಕು.

ಹೋದ ವರ್ಷದ ಮಾರ್ಚಿನಲ್ಲಿ ಆ ಕಿರುಬೆರಳು ಒಂದು ಜೀವ ಉಳಿಸಿತು. ರಾವ್ನ ಇಳಿಜಾರಿನ ನೆತ್ತಿಯಲ್ಲಿ ಕೋಲು ನೆಡುತ್ತಿದ್ದ ಟೊರ್ಗುನ್‌ಗೆ ಕೂಗು ಕೇಳಿಸಿತು. ಹೋಗಿ ನೋಡಿದರೆ ಐವಿಂಡ್! ಜಾರಿಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು, ತುಟಿ ನೀಲಿಗಟ್ಟಿತ್ತು. ಫೋನಿನಲ್ಲಿ ವಿಚಾರಿಸಿದರೆ, ಮಂಜು ಸರಿಯುವವರೆಗೆ ಹೆಲಿಕಾಪ್ಟರ್ ಹಾರುವಂತಿಲ್ಲ ಎಂಬ ಉತ್ತರ.

ಟೊರ್ಗುನ್ ಕೋಲುಗಳನ್ನೆಲ್ಲ ಕೆಳಗೆ ಸುರಿದರು. ಮುರಿದ ಕಾಲಿಗೆ ಎರಡು ಕೋಲು ಕಟ್ಟಿ, ಅವನನ್ನು ಬಂಡಿಗೆ ಬಿಗಿದರು. ತೊಂಬತ್ತು ಕಿಲೋ ತೂಕದ ಮನುಷ್ಯ, ಕೆಳಗೆ ಕನ್ನಡಿಯಂಥ ಮಂಜುಗಡ್ಡೆ.

"ನೇರ ನಿಲ್ಲು! ಮಂಡಿ ಬಗ್ಗಿಸ್ಬೇಡ!" ಐವಿಂಡ್ ಹಿಂದಿನಿಂದ ಕಿರುಚಿದ.

"ನೀನೀಗ ಸಾಮಾನು, ಐವಿಂಡ್. ಸಾಮಾನು ಮಾತಾಡಲ್ಲ."

ಬಂಡಿ ಗುದ್ದಿತು. ಟೊರ್ಗುನ್‌ರ ಹಿಂಗಾಲು ಬಾಗಿ ಆ ಭಾರವನ್ನು ಹೀರಿಕೊಂಡಿತು, ಉಕ್ಕಿನಂಚು ಮಂಜುಗಡ್ಡೆಯನ್ನು ಕಚ್ಚಿತು. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ನಲವತ್ತು ತಿರುವು, ಒಮ್ಮೆಯೂ ಬೀಳಲಿಲ್ಲ! ಕಣಿವೆಯಲ್ಲಿ ಆಂಬುಲೆನ್ಸ್ ಬಳಿ ಕಾಯುತ್ತಿದ್ದ ಊರಿನವರಾದ ನಮಗೆ ಮಂಜಿನೊಳಗಿಂದ ಮೊದಲು ಕಂಡದ್ದು ಅರ್ಧ ಬಾಗಿದ ಒಂದು ಮಂಡಿ. ಊರಿಗೆ ಊರೇ ಕೇಕೆ ಹಾಕಿತು. ಬಂಡಿಯಲ್ಲಿ ಮಲಗಿದ್ದ ಐವಿಂಡ್ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ.

ಈಗ ಅವನ ಶಿಷ್ಯರು ವಾರಕ್ಕೊಮ್ಮೆ ಟೊರ್ಗುನ್‌ರಿಂದ ಪಾಠ ಕಲಿಯುತ್ತಾರೆ. "ಮೊದಲು ಕಾಲಲ್ಲಿ ಏನಿದೆ ನೋಡು, ಆಮೇಲೆ ಹೇಗೆ ತಿರುಗೋದು ಅಂತ ಕೇಳು," ಎಂಬುದೇ ಅವರ ಮೊದಲ ಪಾಠ.

ಕಳೆದ ಈಸ್ಟರಿನಲ್ಲಿ ಬಿರುಗಾಳಿಗೆ ಸಿಕ್ಕ ನಲವತ್ತೊಂದು ಮಂದಿ ಈ ಕೋಲುಗಳನ್ನೇ ಹಿಡಿದು ತಂಗುಮನೆ ಸೇರಿದರು. ಅಲ್ಲಿನ ಅತಿಥಿ ಪುಸ್ತಕದಲ್ಲಿ ಅವರಲ್ಲೊಬ್ಬರು ಬರೆದಿಟ್ಟ ದೂರನ್ನು ಟೊರ್ಗುನ್ ನನಗೆ ನಗುತ್ತಾ ತೋರಿಸುತ್ತಾರೆ: ಕೊನೆಯ ಏರಿನಲ್ಲಿ ಒಂದು ಕೋಲು ಸೊಟ್ಟಗಿತ್ತಂತೆ.

"ಸೊಟ್ಟ ಅಂತ ಗೊತ್ತಾಗಿದೆ ಅಂದ್ರೆ," ಬ್ರೆಡ್ಡಿಗೆ ಕಂದು ಚೀಸ್ ಹೆರೆಯುತ್ತಾ ಹೇಳುತ್ತಾರೆ, "ಆ ಗಾಳೀಲೂ ಅದು ಕಣ್ಣಿಗೆ ಬಿದ್ದಿದೆ ಅಂತ ತಾನೇ?"