ಜೋಳದ ಗಡಿಗೆಯ ಬೋರಮಾಳ

ನನ್ನ ಬಾಯಿ ಬಲು ಕೆಟ್ಟದ್ದು. ನನ್ನ ಗಂಡ ನೂರು ಸಲ ಹೇಳಿದ್ದರು, ನಾನು ಕೇಳಲಿಲ್ಲ. ಆ ಬಾಯಿಂದಲೇ ಗೂಳಪ್ಪನ ಹೊಟ್ಟೆಯ ಮೇಲೆ ಹೊಡೆದೆ.

ಗೂಳಪ್ಪ ಹಳಿಯಾಳದಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಬೀಸುವವನು. ಮೈಯೆಲ್ಲ ಹಿಟ್ಟು, ಮಾತು ಕಡಿಮೆ. ಒಬ್ಬರ ಜೋಳ ಬೀಸಿದ ಮೇಲೆ ಹಿಟ್ಟು ಬೀಳುವ ಡಬ್ಬಿ ತಟ್ಟಿ ತಟ್ಟಿ ಕೊನೆಯ ಹಿಟ್ಟನ್ನೂ ಅವರ ಬುಟ್ಟಿಗೇ ಉದುರಿಸುತ್ತಿದ್ದ. "ಎಷ್ಟ ತಟ್ತೀಯೋ ಮಾರಾಯಾ, ರೊಟ್ಟಿ ಮಾಡಾಕ ಹೊತ್ತಾತು" ಎಂದು ನಾವು ಹೆಂಗಸರು ಕಾಡುತ್ತಿದ್ದೆವು.

ಅರವತ್ತೊಂದನೇ ಇಸವಿಯ ಚಳಿಗಾಲ. ಅತ್ತೆ ಮುದಕವ್ವ ತಮ್ಮ ಬಂಗಾರದ ಬೋರಮಾಳ ಸರವನ್ನು ಜೋಪಾನವಾಗಿ ಇಡಲು ನನಗೆ ಕೊಟ್ಟಿದ್ದರು. ಬಂಗಾರ ಬಚ್ಚಿಡಲು ನಮಗೆ ಜೋಳದ ಗಡಿಗೆಗಿಂತ ಭದ್ರ ಜಾಗ ಗೊತ್ತಿರಲಿಲ್ಲ. ಅಲ್ಲೇ ಹೂತಿಟ್ಟು, ಯಾರಿಗೂ ಹೇಳದೆ ತವರುಮನೆ ಚಿಗಳ್ಳಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಗಂಡ ಅದೇ ಗಡಿಗೆ ಬರಿದು ಮಾಡಿ ಬೀಸಿಸಿಕೊಂಡು ಬಂದಿದ್ದರು. ಹಿಟ್ಟು ಜಾಲಾಡಿದೆ, ಸರ ಇರಲಿಲ್ಲ.

ಗೂಳಪ್ಪನೇ ನುಂಗಿದ ಎಂದುಕೊಂಡೆ. ಕೇಳಿದರೆ ಕಳ್ಳ ಒಪ್ಪುತ್ತಾನೆಯೇ? ಮೇಲಾಗಿ ಸುದ್ದಿ ಅತ್ತೆಯ ಕಿವಿಗೆ ಬಿದ್ದರೆ ನನ್ನ ಗತಿ ಮುಗಿಯಿತು. ಸರದ ಮಾತೇ ಎತ್ತದೆ, "ಗೂಳಪ್ಪನ ಕೈ ಸರಿ ಇಲ್ಲವ್ವಾ, ಹಿಟ್ಟ ಕದೀತಾನ" ಎಂದು ಬಾವಿಕಟ್ಟೆಯಲ್ಲಿ ನಾಲ್ಕು ಮಂದಿಗೆ ಹೇಳಿ, ಬೇರೆ ಗಿರಣಿ ಹಿಡಿದೆ. ಒಬ್ಬೊಬ್ಬರೇ ನನ್ನ ಹಿಂದೆ ಬಂದರು. ತಿಂಗಳೊಪ್ಪತ್ತಿನಲ್ಲಿ ಮಾಲಕ ಗೂಳಪ್ಪನನ್ನು ಕೆಲಸದಿಂದ ಬಿಡಿಸಿದ.

ಬಿಡಿಸಿದ ಎರಡನೆಯ ದಿನ ಅವನು ನಮ್ಮ ಬಾಗಿಲಿಗೆ ಬಂದ.

"ಅಕ್ಕಾರ, ಜೋಳದಾಗ ಏನರ ಕಳಕೊಂಡೀರೇನ್ರಿ?"

"ಬೋರಮಾಳ" ಎಂದೆ.

"ದಾರ ಯಾವ ಬಣ್ಣದ್ರಿ?"

"ಹಸರು."

ಸೊಂಟದಿಂದ ಅರಿವೆಯ ಗಂಟು ತೆಗೆದು ಬಿಚ್ಚಿ ಸರ ಕೊಟ್ಟ. ನಮ್ಮ ಜೋಳ ಬೀಸಿದ ಸಂಜೆ ಗಿರಣಿ ಜಾಡಿಸುವಾಗ, ಜೋಳ ಸುರಿಯುವ ತಗಡಿನ ಸಂದಿಯಲ್ಲಿ ಸಿಕ್ಕಿತ್ತಂತೆ. ಸರ ಎಂದು ಬಾಯಿಬಿಟ್ಟರೆ ಎಲ್ಲರೂ ನನ್ನದೆನ್ನುತ್ತಾರೆಂದು, ಬೀಸಿಸಲು ಬಂದವರನ್ನೆಲ್ಲ ಈ ಒಂದೇ ಮಾತು ಕೇಳುತ್ತಿದ್ದನಂತೆ. ನಾನೇ ಆ ಕಡೆ ಹೋಗಿರಲಿಲ್ಲ. ಕೆಲಸ ಹೋದ ಮೇಲೆ ಮನೆಮನೆಗೆ ಕೇಳುತ್ತ ಬಂದಿದ್ದ.

ಅಳು ತಡೆಯಲಾಗಲಿಲ್ಲ. "ಗೂಳಪ್ಪಣ್ಣಾ, ನಿನ್ನ ಹೆಸರ ಕೆಡಿಸಿದಾಕಿ ನಾನ."

"ಗೊತ್ತೈತ್ರಿ. ಅದಕ್ಕ ನಿಮ್ಮ ಮನಿಗೆ ಕಡೀಕ ಬಂದೆ."

ಅಂದೇ ಅತ್ತೆಗೆ ಎಲ್ಲ ಹೇಳಿ ಬೈಸಿಕೊಂಡೆ. ಗಿರಣಿಗೆ ಓಡಿದೆ, ಮಾಲಕ ಆಗಲೇ ಹೊಸಬನನ್ನು ಇಟ್ಟುಕೊಂಡಿದ್ದ. ಬಾವಿಕಟ್ಟೆಯಲ್ಲಿ ಗೂಳಪ್ಪ ಕಳ್ಳನಲ್ಲ ಎಂದೆ. "ಈಗ ಹಿಂಗ ಅಂತಿ, ಆಗ ಹಂಗ ಅಂದಿ. ಯಾವದ ನಂಬೂಣು?" ಎಂದು ಆ ನಾಲ್ವರಲ್ಲೊಬ್ಬಳಾದ ನೀಲಕ್ಕ ನಕ್ಕಳು. ನಾನು ಕಳ್ಳ ಎಂದಾಗ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಗೂಳಪ್ಪ ಬಿದಿರು ಹೊರುವ ಕೆಲಸಕ್ಕೆ ದಾಂಡೇಲಿಗೆ ಹೋದ. ಏನಾದರೂ ಕಳೆದರೆ ಈಗ ನಾನು ಮನುಷ್ಯರನ್ನು ಅನುಮಾನಿಸುವುದಿಲ್ಲ; ಅಷ್ಟು ಕಲಿಸಿ ಹೋದ. ಅದನ್ನು ಕಲಿಯಲು ಅವನ ಅನ್ನವನ್ನೇ ಕಸಿಯಬೇಕಾಗಿತ್ತೇ ಎಂದು ಸಂಕಟವಾಗುತ್ತದೆ.

ಮತ್ತೆ ಅದೇ ಗಿರಣಿಗೆ ಹೋಗುತ್ತೇನೆ. ಹೊಸಬ ಡಬ್ಬಿ ತಟ್ಟುವುದಿಲ್ಲ. ತಟ್ಟಪ್ಪಾ ಎನ್ನಲು ನನಗೆ ಬಾಯಿಲ್ಲ.